ಬ್ರೌಸರ್‌ನಲ್ಲಿ ಮೇಲ್ ಓಪನ್ ಆಗ್ತಿಲ್ವಾ? ಎಲ್ಲಿ ಸಿಕ್ಕಾಕೊಂಡಿದೆ ಅಂತ ಮೊದ್ಲು ಹುಡುಕಿ

ನಾನು ಅರಸೀಕೆರೆ ಕಡೆ ಒಂದು ಚಿಕ್ಕ ಸೈಬರ್ ಸೆಂಟರ್ ನಡೆಸ್ತೀನಿ. ಜೆರಾಕ್ಸು, ಪ್ರಿಂಟು, ಆನ್‌ಲೈನ್ ಅರ್ಜಿ ಹಾಕೋದು, ಅದರ ಜೊತೆಗೆ ಯಾರ ಮನೇಲಾದ್ರೂ ಕಂಪ್ಯೂಟರ್ ಕೈ ಕೊಟ್ರೆ ಹೋಗಿ ನೋಡಿ ಬರೋದು. ಈ ಕೆಲಸದಲ್ಲಿ ಪದೇ ಪದೇ ಕೇಳೋ ಮಾತು ಒಂದಿದೆ, "ಅಣ್ಣಾ, ಮೇಲ್ ಓಪನ್ನೇ ಆಗ್ತಿಲ್ಲ, ಬರೀ ರೌಂಡ್ ಸುತ್ತುತಾ ಇದೆ". ಹೇಳೋರ ಮುಖ ನೋಡಿದ್ರೇ ಗೊತ್ತಾಗುತ್ತೆ, ಒಳಗೆ ಹಾಲ್ ಟಿಕೆಟ್ಟೋ ಇಂಟರ್‌ವ್ಯೂ ಲೆಟರ್ರೋ ವೀಸಾ ಪೇಪರ್ರೋ ಏನೋ ಕೂತಿದೆ, ಅದು ಇವತ್ತೇ ಬೇಕು. ಆ ಗಾಬರಿಲಿ ಜನ ಏನೇನೋ ಒತ್ತಿಬಿಡ್ತಾರೆ, ಹಿಸ್ಟರಿ ಪೂರ್ತಿ ಡಿಲೀಟ್ ಮಾಡ್ತಾರೆ, ಪಾಸ್‌ವರ್ಡ್ ಚೇಂಜ್ ಮಾಡಕ್ಕೆ ಹೋಗ್ತಾರೆ, ಕೆಲವರು ವಿಂಡೋಸ್ಸೇ ಹೊಸದಾಗಿ ಹಾಕಿಸ್ತಾರೆ. ಅರ್ಧ ಗಂಟೇಲಿ ಸರಿ ಹೋಗ್ತಿದ್ದ ವಿಷಯ ಎರಡು ದಿನದ ತಲೆನೋವಾಗಿ ಕೂರುತ್ತೆ. ಅದಕ್ಕೇ ನಾನು ಮಾಡೋ ಕ್ರಮದಲ್ಲೇ ಇದನ್ನ ಬರೀತಿದೀನಿ, ಮೇಲಿಂದ ಕೆಳಗೆ ಹಾಗೇ ಮಾಡ್ತಾ ಬನ್ನಿ, ನಡುವೆ ಎಲ್ಲಿ ಓಪನ್ ಆಯ್ತೋ ಅಲ್ಲಿಗೆ ನಿಲ್ಲಿಸಿ, ಮುಂದಿನದು ಮಾಡೋದು ಬೇಡ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ, ಸ್ವಲ್ಪ ಸಮಾಧಾನ ಆಗ್ಲಿ. ಪೇಜ್ ಓಪನ್ ಆಗ್ತಿಲ್ಲ ಅಂದ ಮಾತ್ರಕ್ಕೆ ನಿಮ್ಮ ಮೇಲ್‌ಗಳು ಹೋಗಿಲ್ಲ. ಅವು ನಿಮ್ಮ ಕಂಪ್ಯೂಟರ್‌ನಲ್ಲಿ ಇರೋದೇ ಇಲ್ಲ, ಮೇಲ್ ಕಂಪನಿ ಸರ್ವರ್‌ನಲ್ಲಿರುತ್ತೆ, ಬ್ರೌಸರ್ ಬರೀ ಕಿಟಕಿ. ವೆಬ್‌ಮೇಲ್ ಹುಟ್ಟಿದ್ದೇ ಈ ಕಾರಣಕ್ಕೆ. 1996ರ ಜುಲೈ 4ಕ್ಕೆ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಅಂತ ಇಬ್ಬರು ಹಾಟ್‌ಮೇಲ್ ಶುರು ಮಾಡಿದ್ರಲ್ಲ, ಯಾವ ಊರಿನ ಯಾವ ಕಂಪ್ಯೂಟರ್‌ನಲ್ಲಿ ಕೂತ್ರೂ ಬ್ರೌಸರ್ ಇದ್ರೆ ಸಾಕು ನಿನ್ನ ಮೇಲ್ ನೀನು ಓದ್ಕೋಬಹುದು ಅನ್ನೋದೇ ಅದರ ಹೂರಣ. ಆ ಹೆಸರಲ್ಲೇ ಎಚ್‌ಟಿಎಂಎಲ್, ಅಂದ್ರೆ ವೆಬ್ ಪೇಜ್ ಬರೆಯೋ ಭಾಷೆಯ ಅಕ್ಷರಗಳು ಅಡಗಿವೆ. ಭಾಟಿಯಾ ಶಾಲೆ ಓದಿದ್ದು ನಮ್ಮ ಬೆಂಗಳೂರಲ್ಲಿ, ಸೇಂಟ್ ಜೋಸೆಫ್ಸ್ ಬಾಯ್ಸ್ ಹೈಸ್ಕೂಲಲ್ಲಿ, ಅದು ನನಗೆ ಯಾವಾಗ ನೆನೆಸ್ಕೊಂಡ್ರೂ ಖುಷಿ ಕೊಡೋ ವಿಷಯ. ಇರಲಿ. ಕಿಟಕಿ ಬಾಗಿಲು ಬಿಗಿದುಕೊಂಡಿದೆ ಅಷ್ಟೇ, ಒಳಗಿನ ಸಾಮಾನು ಹಾಗೇ ಇದೆ.

ಸಿಕ್ಕಾಕೊಳ್ಳೋ ಜಾಗ ಲೆಕ್ಕ ಹಾಕಿದ್ರೆ ನಾಲ್ಕೇ. ಒಂದು ಆ ಕಡೆ ಸರ್ವರ್. ಎರಡು ನಡುವಿನ ದಾರಿ, ಅಂದ್ರೆ ನೆಟ್ಟು. ಮೂರು ಬ್ರೌಸರ್. ನಾಲ್ಕು ಕಂಪ್ಯೂಟರ್. ಯಾವುದು ಅಂತ ಗೊತ್ತಾಗೋ ತನಕ ಯಾವುದನ್ನೂ ಬಿಚ್ಚಬೇಡಿ.

ಮೊದಲ ಐದು ನಿಮಿಷ

ಸ್ಕ್ರೀನ್ ಮೇಲೆ ಏನು ಬರೆದಿದೆ ಅಂತ ಓದಿ. ಇದು ಸಣ್ಣ ವಿಷಯ ಅನ್ಸುತ್ತೆ, ಆದ್ರೆ ನನ್ನ ಹತ್ರ ಬರೋರಲ್ಲಿ ಹೆಚ್ಚಿನವರು "ಏನೋ ಇಂಗ್ಲಿಷಲ್ಲಿ ಬಂತು, ಕ್ಲೋಸ್ ಮಾಡ್ದೆ" ಅಂತಾರೆ. ಆ ಸಾಲಲ್ಲೇ ಅರ್ಧ ಉತ್ತರ ಇರುತ್ತೆ. ಫೋನಲ್ಲಿ ಅದರದ್ದೊಂದು ಫೋಟೋ ತೆಗೆದಿಟ್ಕೊಳ್ಳಿ, ಕೊನೇಲೂ ಬೇಕಾಗುತ್ತೆ.

ಆಮೇಲೆ ಮೂರು ಸಣ್ಣ ಟೆಸ್ಟ್. ಅದೇ ಬ್ರೌಸರಲ್ಲಿ ಇನ್ನೊಂದು ಟ್ಯಾಬ್ ತೆಗೆದು ಬೇರೆ ಯಾವುದಾದ್ರೂ ಸೈಟ್ ಹಾಕಿ, ದಿನಾ ನೋಡೋ ಪೇಪರ್ ಸೈಟ್ ಬೇಡ, ಅದು ಹಳೇದೇ ತೋರಿಸ್ಬಹುದು, ನೀವು ಇದುವರೆಗೂ ನೋಡದೇ ಇರೋ ಪೇಜ್ ಯಾವುದಾದ್ರೂ ಹುಡುಕಿ. ಅದೂ ಬರ್ತಿಲ್ಲ ಅಂದ್ರೆ ಇದು ಮೇಲ್ ಸಮಸ್ಯೆನೇ ಅಲ್ಲ, ನೆಟ್ಟಿಂದು, ಮೋಡೆಮ್ ಒಂದು ನಿಮಿಷ ಆಫ್ ಮಾಡಿ ಆನ್ ಮಾಡಿ. ಎರಡನೇದು, ಫೋನಲ್ಲಿ ವೈಫೈ ಆಫ್ ಮಾಡಿ, ಬರೀ ಮೊಬೈಲ್ ಡೇಟಾದಲ್ಲಿ ಅದೇ ಮೇಲ್ ತೆಗೀರಿ, ಆಪ್‌ನಲ್ಲಿ ಬೇಡ, ಫೋನಿನ ಬ್ರೌಸರಲ್ಲಿ. ಮೂರನೇದು, ಕಂಪ್ಯೂಟರಲ್ಲಿ ಇನ್‌ಕಾಗ್ನಿಟೋ ವಿಂಡೋ, ಅಂದ್ರೆ ಹಳೇ ಲಾಗಿನ್ನು ಉಳಿಸಿದ ಡೇಟಾ ಯಾವುದನ್ನೂ ಬಳಸದ ಖಾಸಗಿ ವಿಂಡೋ ತೆಗೆದು ಅದ್ರಲ್ಲಿ ಟ್ರೈ ಮಾಡಿ. ಕ್ರೋಮ್, ಎಡ್ಜ್ ಎರಡರಲ್ಲೂ ಕಂಟ್ರೋಲ್ ಶಿಫ್ಟ್ ಎನ್, ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್ ಶಿಫ್ಟ್ ಪಿ.

ಈಗ ನೋಡಿ. ಫೋನಲ್ಲೂ ಬರ್ಲಿಲ್ಲ ಅಂದ್ರೆ ಸರ್ವರ್ ಮೇಲೆ ಅನುಮಾನ. ಫೋನಲ್ಲಿ ಬಂತು, ಕಂಪ್ಯೂಟರಲ್ಲಿ ಇನ್‌ಕಾಗ್ನಿಟೋದಲ್ಲೂ ಬಂತು, ಮಾಮೂಲಿ ವಿಂಡೋದಲ್ಲಿ ಮಾತ್ರ ಬರ್ತಿಲ್ಲ ಅಂದ್ರೆ ಬ್ರೌಸರ್ ಒಳಗಿನ ಕಸ. ಫೋನಲ್ಲಿ ಬಂತು, ಕಂಪ್ಯೂಟರಲ್ಲಿ ಯಾವ ರೀತೀಲೂ ಬರ್ತಿಲ್ಲ ಅಂದ್ರೆ ನೆಟ್ಟು ಅಥವಾ ಕಂಪ್ಯೂಟರ್, ಅದನ್ನ ಬೇರ್ಪಡಿಸೋಕೆ ಫೋನಿಂದ ಹಾಟ್‌ಸ್ಪಾಟ್ ಕೊಟ್ಟು ಕಂಪ್ಯೂಟರ್‌ಗೆ ಕನೆಕ್ಟ್ ಮಾಡಿ, ಹಾಟ್‌ಸ್ಪಾಟಲ್ಲಿ ಬಂದ್ರೆ ಮನೆ ನೆಟ್ಟಿನ ತಪ್ಪು, ಬರ್ದಿದ್ರೆ ಕಂಪ್ಯೂಟರ್ ತಪ್ಪು. ಐದು ನಿಮಿಷದ ಕೆಲಸ ಇದು, ಇಷ್ಟು ಮಾಡಿದ್ಮೇಲೆ ಕಣ್ಣು ಕಟ್ಟಿಕೊಂಡು ಹುಡುಕೋದು ತಪ್ಪುತ್ತೆ.

ಸರ್ವರ್ ಕಡೇದಾದ್ರೆ

ಕೈ ಕಟ್ಟಿ ಕೂರೋದೇ ಸರಿಯಾದ ರಿಪೇರಿ. 2020ರ ಡಿಸೆಂಬರ್ 14, ಸಾಯಂಕಾಲ ಐದೂಕಾಲು ದಾಟಿತ್ತು, ಜಿಮೇಲು ಯೂಟ್ಯೂಬು ಡ್ರೈವು ಎಲ್ಲಾ ಒಟ್ಟಿಗೇ ನಿಂತೋಯ್ತು, ಪ್ರಪಂಚದಾದ್ಯಂತ, ಸುಮಾರು ಮುಕ್ಕಾಲು ಗಂಟೆ. ಲಾಗಿನ್ ಆಗಿರೋರು ಯಾರು ಅಂತ ಗುರುತು ಹಿಡಿಯೋ ಸಿಸ್ಟಮ್‌ಗೆ ಸ್ಟೋರೇಜ್ ಕೋಟಾ ತಪ್ಪಾಗಿ ಕಮ್ಮಿಯಾಗಿದ್ದು ಕಾರಣ ಅಂತ ಆಮೇಲೆ ಗೂಗಲ್ಲೇ ಹೇಳ್ತು. ನಾನು ಅವತ್ತು ಮೋಡೆಮ್ ಎರಡು ಸಲ ಆಫ್ ಆನ್ ಮಾಡಿದ್ದೆ, ಅಂಗಡಿಲಿದ್ದ ಹುಡುಗನ ಬ್ರೌಸರ್ ಡೇಟಾನೂ ಅಳಿಸಿದ್ದೆ, ಯಾವುದೂ ಬೇಕಿರ್ಲಿಲ್ಲ. ಅವತ್ತಿಂದ ಸರ್ವರ್ ಸ್ಟೇಟಸ್ ಮೊದಲು ನೋಡೋದು ಅಭ್ಯಾಸ ಮಾಡ್ಕೊಂಡೆ. ಗೂಗಲ್ ವರ್ಕ್‌ಸ್ಪೇಸ್ ಸ್ಟೇಟಸ್ ಡ್ಯಾಶ್‌ಬೋರ್ಡ್ ಅಂತ ಸರ್ಚ್ ಮಾಡಿದ್ರೆ ಸಿಗುತ್ತೆ, ಮೈಕ್ರೋಸಾಫ್ಟ್‌ಗೂ ಅದರದ್ದೇ ಪೇಜ್ ಇದೆ. ಒಂದು ವೇಳೆ ಪರದೆ ಮೇಲೆ 500, 502, 503 ಅನ್ನೋ ನಂಬರ್ ಕಂಡ್ರೂ ಸಾಮಾನ್ಯವಾಗಿ ಆ ಕಡೇದೇ ತೊಂದರೆ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಸುಮ್ನೆ ಎಫ್5 ಒತ್ತುತಾ ಕೂರಬೇಡಿ.

ಕಾಲೇಜಿಂದೋ ಚಿಕ್ಕ ಕಂಪನಿದೋ ಸ್ವಂತ ಡೊಮೈನ್ (ಅಂದ್ರೆ ಅವರದ್ದೇ ವೆಬ್ ಹೆಸರು) ಮೇಲ್ ಆದ್ರೆ ಕಥೆ ಸ್ವಲ್ಪ ಬೇರೆ. ಅಲ್ಲಿ ಡೊಮೈನ್ ರಿನ್ಯೂ ಮಾಡೋದು ಮರೆತುಹೋಗಿರುತ್ತೆ, ಹೋಸ್ಟಿಂಗ್, ಅಂದ್ರೆ ಸರ್ವರಲ್ಲಿ ಬಾಡಿಗೆಗೆ ತಗೊಂಡ ಜಾಗ ತುಂಬಿರುತ್ತೆ. ಆ ಸಂಸ್ಥೆ ವೆಬ್‌ಸೈಟ್ ಕೂಡ ಓಪನ್ ಆಗ್ತಿದ್ಯಾ ನೋಡಿ, ಎರಡೂ ಒಟ್ಟಿಗೇ ಸತ್ತಿದ್ರೆ ಅಡ್ಮಿನ್‌ಗೆ ಫೋನ್ ಮಾಡೋದೇ ದಾರಿ.

ಬ್ರೌಸರ್ ಕಸ ಆದ್ರೆ

ನನ್ನ ಅನುಭವದಲ್ಲಿ ಹೆಚ್ಚಾಗಿ ಸಿಗೋದು ಇದೇ, ಅದಕ್ಕೆ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಮೊದಲು ಹಾರ್ಡ್ ರಿಫ್ರೆಶ್. ಕಂಟ್ರೋಲ್ ಶಿಫ್ಟ್ ಆರ್, ಮ್ಯಾಕ್ ಆದ್ರೆ ಕಮ್ಯಾಂಡ್ ಶಿಫ್ಟ್ ಆರ್. ಮಾಮೂಲಿ ರಿಫ್ರೆಶ್ ಮಾಡಿದ್ರೆ ಬ್ರೌಸರ್ ತಾನು ಉಳಿಸಿಕೊಂಡಿರೋ ಹಳೇ ತುಣುಕುಗಳನ್ನೇ ಮತ್ತೆ ಜೋಡಿಸುತ್ತೆ, ಹಾರ್ಡ್ ರಿಫ್ರೆಶ್ ಮಾಡಿದ್ರೆ ಎಲ್ಲಾ ಹೊಸದಾಗಿ ತರಿಸುತ್ತೆ. ಮೇಲ್ ಕಂಪನಿಯವರು ನಿನ್ನೆ ರಾತ್ರಿ ಪೇಜ್ ಬದಲಾಯಿಸಿರ್ತಾರೆ, ನಿಮ್ಮ ಹತ್ರ ಅರ್ಧ ಹಳೇದು ಅರ್ಧ ಹೊಸದು ಸೇರಿ ಬಿಳಿ ಪೇಜ್ ನಿಂತಿರುತ್ತೆ, ಅಂಥದ್ದು ಇದ್ರಲ್ಲೇ ಸರಿಯಾಗಿಬಿಡುತ್ತೆ.

ಆಗ್ಲಿಲ್ಲ ಅಂದ್ರೆ ಎಕ್ಸ್‌ಟೆನ್ಷನ್. ಆಡ್ ಬ್ಲಾಕರ್, ಕೂಪನ್ ಹುಡುಕೋದು, ಪಿಡಿಎಫ್ ಮಾಡೋದು, ವೀಡಿಯೋ ಡೌನ್‌ಲೋಡ್ ಮಾಡೋದು ಅಂತ ಜನ ಹಾಕ್ಕೊಂಡಿರ್ತಾರೆ, ಯಾವಾಗ ಹಾಕಿದ್ದು ಅಂತ ಅವರಿಗೇ ನೆನಪಿರಲ್ಲ. ಇನ್‌ಕಾಗ್ನಿಟೋದಲ್ಲಿ ಮೇಲ್ ಬರೋದಕ್ಕೆ ಒಂದು ಕಾರಣ ಅಲ್ಲಿ ಎಕ್ಸ್‌ಟೆನ್ಷನ್‌ಗಳು ನಾವಾಗಿ ಪರ್ಮಿಷನ್ ಕೊಡದಿದ್ರೆ ಓಡೋದಿಲ್ಲ. ಬ್ರೌಸರ್ ಮೆನುವಿನಲ್ಲಿ ಎಕ್ಸ್‌ಟೆನ್ಷನ್ಸ್ ಅಂತ ಇರುತ್ತೆ, ಹೋಗಿ ಎಲ್ಲದರ ಸ್ವಿಚ್ಚೂ ಆಫ್ ಮಾಡಿ, ತೆಗೆಯೋದು ಬೇಡ, ಆಫ್ ಅಷ್ಟೇ. ಮೇಲ್ ಬಂತಾ? ಈಗ ಅರ್ಧ ಆನ್ ಮಾಡಿ. ಬಂತಾ? ಉಳಿದ ಅರ್ಧದಲ್ಲಿ ಕಳ್ಳ ಇದ್ದಾನೆ, ಅದನ್ನೂ ಅರ್ಧ ಮಾಡಿ. ಹೀಗೆ ಹೋದ್ರೆ ಹದಿನಾರು ಎಕ್ಸ್‌ಟೆನ್ಷನ್ ಇದ್ರೂ ನಾಲ್ಕೇ ಸಲದಲ್ಲಿ ಸಿಕ್ಕಿಬೀಳುತ್ತೆ.

ಮೂರನೇದು ಕುಕ್ಕಿ, ಅಂದ್ರೆ ನೀವು ಲಾಗಿನ್ ಆಗಿದೀರ ಅನ್ನೋದನ್ನೆಲ್ಲಾ ನೆನಪಿಡೋಕೆ ಸೈಟು ನಿಮ್ಮ ಬ್ರೌಸರಲ್ಲಿ ಇಡೋ ಸಣ್ಣ ಚೀಟಿ. "ಟೂ ಮೆನಿ ರಿಡೈರೆಕ್ಟ್ಸ್" ಅಂತ ಬರ್ತಿದ್ರೆ, ಅಥವಾ ಪಾಸ್‌ವರ್ಡ್ ಹಾಕಿದ್ಮೇಲೆ ವಾಪಸ್ ಅದೇ ಲಾಗಿನ್ ಪೇಜಿಗೇ ತಂದು ನಿಲ್ಲಿಸ್ತಿದ್ರೆ, ನೂರಕ್ಕೆ ನೂರು ಅಂತ ಹೇಳಕ್ಕಾಗಲ್ಲ ಆದ್ರೆ ಮೊದಲ ಅನುಮಾನ ಇದರ ಮೇಲೇ. ಇಲ್ಲಿ ದಯವಿಟ್ಟು ಒಂದು ನಿಮಿಷ ನಿಲ್ಲಿ.

ಕುಕ್ಕಿ ಅಳಿಸಿದ್ರೆ ನೀವು ಲಾಗೌಟ್ ಆಗ್ತೀರ. ಮತ್ತೆ ಪಾಸ್‌ವರ್ಡ್ ಕೇಳುತ್ತೆ. ಅದು ನಿಮಗೆ ಗೊತ್ತಾ? ಗೊತ್ತಿಲ್ಲ ಅಂದ್ರೆ ರಿಕವರಿಗೆ ಕೊಟ್ಟಿರೋ ಫೋನ್ ನಂಬರ್ ಈಗಲೂ ನಿಮ್ಮದೇನಾ? ಎರಡು ವರ್ಷದ ಹಿಂದೆ ಒಂದು ಹುಡುಗಿ ಬಂದಿದ್ಲು, ನರ್ಸಿಂಗ್ ಕಾಲೇಜಿಂದ ಬಂದಿರೋ ಮೇಲ್ ಪ್ರಿಂಟ್ ತೆಗೀಬೇಕಿತ್ತು, ಅವಳ ಲ್ಯಾಪ್‌ಟಾಪಲ್ಲಿ ಇನ್‌ಬಾಕ್ಸ್ ಅರ್ಧಕ್ಕೇ ನಿಂತಿತ್ತು. ನಾನು ಕೇಳ್ದೆ ಹೇಳ್ದೆ ಕಂಟ್ರೋಲ್ ಶಿಫ್ಟ್ ಡಿಲೀಟ್ ಒತ್ತಿ ಪೂರ್ತಿ ಕ್ಲಿಯರ್ ಮಾಡ್ಬಿಟ್ಟೆ. ಪೇಜ್ ಚೆನ್ನಾಗಿ ಬಂತು, ಪಾಸ್‌ವರ್ಡ್ ಕೇಳ್ತು. ಅವಳು ನನ್ನ ಮುಖ ನೋಡಿದ್ಲು. ಅಕೌಂಟ್ ಮಾಡಿಕೊಟ್ಟಿದ್ದು ಅವಳ ಮಾವ, ನಂಬರ್ ಕೊಟ್ಟಿದ್ದು ಯಾವಾಗಲೋ ರೀಚಾರ್ಜ್ ಬಿಟ್ಟ ಸಿಮ್ಮಿಂದು. "ಅಣ್ಣಾ, ಅದು ತಾನಾಗೇ ಓಪನ್ ಆಗ್ತಿತ್ತು" ಅಂದ್ಲು ಅಷ್ಟೇ, ಬೈಲಿಲ್ಲ. ಕಾಲೇಜಿಗೆ ಫೋನ್ ಮಾಡಿ ಬೇರೆ ಐಡಿಗೆ ಲೆಟರ್ ಕಳಿಸೋ ಹಾಗೆ ಮಾಡಿದ್ವಿ, ಅಡ್ಮಿಷನ್ ಆಯ್ತು, ಆದ್ರೆ ಆ ಹಳೇ ಅಕೌಂಟ್ ಮತ್ತೆ ಸಿಗ್ಲೇ ಇಲ್ಲ. ಅದರಲ್ಲಿ ಅವಳಪ್ಪ ಕಳಿಸಿದ್ದ ಫೋಟೋಗಳಿದ್ವಂತೆ. ಆ ತಪ್ಪು ನಂದು, ಇವತ್ತಿಗೂ ಮನಸ್ಸಲ್ಲಿದೆ.

ಅದಕ್ಕೇ ಈಗ ನಾನು ಮೊದಲು ಮಾಡೋದು ಇನ್‌ಕಾಗ್ನಿಟೋದಲ್ಲಿ ಪಾಸ್‌ವರ್ಡ್ ಹಾಕಿಸಿ ನೋಡೋದು. ಅಲ್ಲಿ ಲಾಗಿನ್ ಆಯ್ತು ಅಂದ್ರೆ ಕೀ ಕೈಯಲ್ಲಿದೆ ಅಂತ ಅರ್ಥ, ಧೈರ್ಯವಾಗಿ ಕುಕ್ಕಿ ಅಳಿಸ್ಬಹುದು. ಪಾಸ್‌ವರ್ಡ್ ನೆನಪಿಲ್ಲ ಅಂದ್ರೆ ಬ್ರೌಸರ್ ಸೆಟ್ಟಿಂಗ್ಸ್ ಒಳಗೆ ಪಾಸ್‌ವರ್ಡ್ ಮ್ಯಾನೇಜರಲ್ಲಿ ಸೇವ್ ಆಗಿದ್ಯಾ ನೋಡಿ, ಇದ್ರೆ ಒಂದು ಕಾಗದದ ಮೇಲೆ ಬರೆದಿಟ್ಕೊಳ್ಳಿ. ಫೋನಲ್ಲಿ ಇನ್ನೂ ಲಾಗಿನ್ ಆಗಿದ್ರೆ ಅಲ್ಲಿಂದಲೇ ರಿಕವರಿ ನಂಬರ್ ಸರಿ ಮಾಡಿ, ಆಮೇಲೆ ಮುಂದಿನ ಕೆಲಸ.

ಅಳಿಸೋವಾಗಲೂ ಇಡೀ ಮನೆ ಗುಡಿಸೋದು ಬೇಡ, ಆ ಒಂದು ಸೈಟಿಂದು ಮಾತ್ರ ಸಾಕು. ಮೇಲ್ ಪೇಜ್ ತೆಗೆದಿಟ್ಟು, ಅಡ್ರೆಸ್ ಬಾರ್ ಎಡಗಡೆ ತುದೀಲಿರೋ ಚಿಕ್ಕ ಗುರುತು ಒತ್ತಿ, ಕ್ರೋಮಲ್ಲಿ ಕುಕೀಸ್ ಅಂಡ್ ಸೈಟ್ ಡೇಟಾ ಅಂತ ಬರುತ್ತೆ, ಅದರೊಳಗೆ ಮ್ಯಾನೇಜ್ ಆನ್ ಡಿವೈಸ್ ಸೈಟ್ ಡೇಟಾ, ಅಲ್ಲಿ ಕಸದ ಡಬ್ಬಿ ಗುರುತು. ಫೈರ್‌ಫಾಕ್ಸಲ್ಲಿ ಬೀಗದ ಗುರುತು ಒತ್ತಿದ್ರೆ ಕ್ಲಿಯರ್ ಕುಕೀಸ್ ಅಂಡ್ ಸೈಟ್ ಡೇಟಾ ಅಂತ ನೇರವಾಗೇ ಇದೆ. ಆಮೇಲೆ ಬ್ರೌಸರ್ ಪೂರ್ತಿ ಮುಚ್ಚಿ ತೆಗೀರಿ. ಜಿಮೇಲ್ ಆದ್ರೆ ಲಾಗಿನ್ ಮಾಡೋ ಅಕೌಂಟ್ಸ್ ಪೇಜಿಂದೂ ಹೀಗೇ ಅಳಿಸಿ, ಒಂದನ್ನ ಅಳಿಸಿ ಇನ್ನೊಂದನ್ನ ಬಿಟ್ರೆ ಮತ್ತೆ ಸುತ್ತೋದು ಶುರುವಾಗ್ಬಹುದು.

ಇನ್ನೊಂದೆರಡು ಬೇಗ ಹೇಳಿಬಿಡ್ತೀನಿ. ಸೈಟ್ ಸೆಟ್ಟಿಂಗ್ಸಲ್ಲಿ ಜಾವಾಸ್ಕ್ರಿಪ್ಟ್ ಬ್ಲಾಕ್ ಆಗಿದ್ರೆ ಬಿಳಿ ಪೇಜ್ ಮಾತ್ರ ಬರುತ್ತೆ, ಅಲೋ ಅಂತ ಮಾಡಿ. ಪೇಜ್ ಕಪ್ಪಾಗಿ ಅಥವಾ ಚೂರು ಚೂರಾಗಿ ಕಾಣ್ತಿದ್ರೆ ಸೆಟ್ಟಿಂಗ್ಸ್, ಸಿಸ್ಟಮ್ ಒಳಗೆ ಗ್ರಾಫಿಕ್ಸ್ ಆಕ್ಸಲರೇಷನ್ ಆಫ್ ಮಾಡಿ ನೋಡಿ. ಸಿ ಡ್ರೈವ್ ತುಂಬಿ ಕೆಂಪಾಗಿದ್ರೆ ಬ್ರೌಸರ್‌ಗೆ ತನ್ನ ಫೈಲ್ ಬರೆಯೋಕೆ ಜಾಗ ಇರಲ್ಲ, ಏನೇನೋ ಆಡುತ್ತೆ, ಒಂದೆರಡು ಜಿಬಿ ಖಾಲಿ ಮಾಡಿ. ಇಷ್ಟೆಲ್ಲಾ ಆದ್ಮೇಲೂ ಬರ್ದಿದ್ರೆ ಕ್ರೋಮಲ್ಲಿ ಹೊಸ ಪ್ರೊಫೈಲ್ ಮಾಡಿ, ಅದು ಹೊಸ ಬ್ರೌಸರ್ ಹಾಕಿದ ಹಾಗೇ, ಹಳೇದು ಹಾಗೇ ಉಳ್ಕೊಳುತ್ತೆ.

ನಡುವಿನ ದಾರಿ

ಹಾಟ್‌ಸ್ಪಾಟಲ್ಲಿ ಬರುತ್ತೆ, ಮನೆ ವೈಫೈಲಿ ಬರಲ್ಲ ಅಂದೋರು ಇಲ್ಲಿ ನೋಡಿ. "ಡಿಎನ್ಎಸ್ ಪ್ರೋಬ್ ಫಿನಿಶ್ಡ್" ಅಂತ ಶುರುವಾಗೋ ಎರರ್ ಬಂದಿದ್ರೆ ನಿಮ್ಮ ನೆಟ್ಟಿಗೆ ಆ ಸೈಟಿನ ವಿಳಾಸ ಸಿಗ್ತಿಲ್ಲ ಅಂತ ಅರ್ಥ, ಡಿಎನ್ಎಸ್ ಅಂದ್ರೆ ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡೋ ವ್ಯವಸ್ಥೆ. ಮೊದಲು ಅಡ್ರೆಸ್ ಸರಿಯಾಗಿ ಟೈಪ್ ಮಾಡಿದೀರಾ ನೋಡಿ. ಆಮೇಲೆ ವಿಂಡೋಸಲ್ಲಿ ಕಮ್ಯಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್, ಒಂದು ಸ್ಪೇಸ್, ಮುಂದಕ್ಕೆ ವಾಲಿದ ಗೀಟು, ಫ್ಲಶ್‌ಡಿಎನ್ಎಸ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ, ಹಳೇ ವಿಳಾಸಗಳು ಅಳಿಸಿ ಹೋಗುತ್ತೆ. ಅದಕ್ಕೂ ಬಗ್ಗದಿದ್ರೆ ನೆಟ್‌ವರ್ಕ್ ಸೆಟ್ಟಿಂಗ್ಸಲ್ಲಿ ಡಿಎನ್ಎಸ್ ಮ್ಯಾನ್ಯುಯಲ್ ಮಾಡಿ 8.8.8.8 ಅಥವಾ 1.1.1.1 ಹಾಕಿ, ಮೊದಲನೇದು ಗೂಗಲ್‌ದು, ಎರಡನೇದು ಕ್ಲೌಡ್‌ಫ್ಲೇರ್‌ದು, ಎರಡೂ ಫ್ರೀ.

ವಿಪಿಎನ್ (ನೆಟ್ಟನ್ನ ಬೇರೆ ಸರ್ವರ್ ಮೂಲಕ ಸುತ್ತಿಸಿ ತರೋ ಆಪ್) ಇದ್ರೆ ಆಫ್ ಮಾಡಿ. ಪ್ರಾಕ್ಸಿ, ಅಂದ್ರೆ ನೆಟ್ಟಿಗೆ ಹೋಗೋ ಮುಂಚೆ ದಾಟೋ ನಡುವಿನ ಕಂಪ್ಯೂಟರ್, ಅದರ ಸೆಟ್ಟಿಂಗ್ ಆನ್ ಆಗಿದ್ಯಾ ನೋಡಿ, ಆಫೀಸ್ ಲ್ಯಾಪ್‌ಟಾಪ್ ಮನೆಗೆ ತಂದೋರಲ್ಲಿ ಇದು ಆಗಾಗ ಸಿಗುತ್ತೆ, ಆಫೀಸಿನ ಪ್ರಾಕ್ಸಿ ಅಡ್ರೆಸ್ ಮನೇಲಿ ಹುಡುಕ್ತಾ ಕೂತಿರುತ್ತೆ. ಆದ್ರೆ ಆಫೀಸ್ ಮಷೀನಲ್ಲಿ ಯಾವುದನ್ನೂ ನೀವಾಗಿ ಬದಲಾಯಿಸಬೇಡಿ, ಐಟಿಯವರನ್ನ ಕೇಳಿ.

ರೈಲ್ವೆ ಸ್ಟೇಷನ್ನು, ಲಾಡ್ಜು, ಆಸ್ಪತ್ರೆ ವೈಫೈಲಿ ಕೂತಿದ್ರೆ ಬೇರೆ ವಿಷಯ. ಅಲ್ಲಿ ಮೊದಲು ನಿಮ್ಮ ನಂಬರ್ ಕೇಳೋ ಪೇಜ್ ಒಂದು ಬರಬೇಕು. ಮೇಲ್ ಸೈಟ್ ಬೀಗ ಹಾಕಿದ ಕನೆಕ್ಷನ್ ಆಗಿರೋದ್ರಿಂದ ವೈಫೈನವರು ನಡುವೆ ತಮ್ಮ ಪೇಜ್ ತೂರಿಸಕ್ಕೆ ಆಗಲ್ಲ, ಆ ಪೇಜೂ ಬರಲ್ಲ, ಈ ಮೇಲೂ ಬರಲ್ಲ. ಅಡ್ರೆಸ್ ಬಾರಲ್ಲಿ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಅಂತ ಹಾಕಿ, ಅದು ಬೀಗ ಇಲ್ಲದ ಸೈಟು, ಇದಕ್ಕೆ ಅಂತಲೇ ಇಟ್ಟಿರೋದು, ಥಟ್ ಅಂತ ಲಾಗಿನ್ ಪೇಜ್ ಎದ್ದು ಬರುತ್ತೆ.

ಕಾಲೇಜು ಕಂಪನಿ ಮೇಲ್‌ನವರಿಗೆ ಒಂದು ವಿಶೇಷ. ಅಡ್ರೆಸ್ ಬಾರಲ್ಲಿ ನಿಮ್ಮ ಮೇಲ್ ಪೇಜಿನ ಅಡ್ರೆಸ್ ಕೊನೇಲಿ 2096 ಅಂತ ನಂಬರ್ ಇದ್ರೆ ಅದು ಸಿಪ್ಯಾನೆಲ್ ಅನ್ನೋ ಹೋಸ್ಟಿಂಗ್ ವ್ಯವಸ್ಥೆಯ ವೆಬ್‌ಮೇಲ್ ಪೋರ್ಟ್, ಅಂದ್ರೆ ಸರ್ವರ್ ಒಳಗೆ ಹೋಗೋ ಬಾಗಿಲಿನ ನಂಬರ್. ಕೆಲವು ಆಫೀಸು ಹಾಸ್ಟೆಲ್ ನೆಟ್ಟಲ್ಲಿ ಮಾಮೂಲಿ ಪೋರ್ಟ್ ಬಿಟ್ಟು ಉಳಿದಿದ್ದೆಲ್ಲಾ ಬಂದ್ ಮಾಡಿರ್ತಾರೆ, ಆಗ ಪೇಜ್ ಸುಮ್ನೆ ಸುತ್ತಿ ಸುತ್ತಿ "ಟೈಮ್ಡ್ ಔಟ್" ಅಂತ ನಿಲ್ಲುತ್ತೆ. ಆ ನಂಬರ್ ತೆಗೆದು, ಡೊಮೈನ್ ಹೆಸರಿನ ಮುಂದೆ ವೆಬ್‌ಮೇಲ್ ಅಂತ ಸೇರಿಸಿ ಚುಕ್ಕಿ ಇಟ್ಟು ಟ್ರೈ ಮಾಡಿ, ಎಷ್ಟೋ ಕಡೆ ಅದು ಮಾಮೂಲಿ ದಾರೀಲೇ ಒಳಗೆ ಬಿಡುತ್ತೆ.

ನೆಟ್ಟೇ ನಿಧಾನ ಇರೋ ಊರಿನವರಿಗೆ ಮೊದಲು ಜಿಮೇಲಲ್ಲಿ ಬೇಸಿಕ್ ಎಚ್‌ಟಿಎಂಎಲ್ ಅಂತ ಹಗುರ ಪೇಜ್ ಇತ್ತು, 2024ರಲ್ಲಿ ತೆಗೆದುಬಿಟ್ರು. ಮಲೆನಾಡು ಕಡೆಯ ನನ್ನ ನೆಂಟರು ಅದನ್ನೇ ನಂಬಿಕೊಂಡಿದ್ರು, ನನಗೂ ಬೇಜಾರಾಯ್ತು. ಈಗ ಅಂಥವರಿಗೆ ನಾನು ಥಂಡರ್‌ಬರ್ಡ್ ಹಾಕಿಕೊಡ್ತೀನಿ, ಫ್ರೀ ಸಾಫ್ಟ್‌ವೇರ್, ಐಮ್ಯಾಪ್ ಅನ್ನೋ ವ್ಯವಸ್ಥೆ ಮೂಲಕ ಮೇಲ್‌ಗಳನ್ನ ಕಂಪ್ಯೂಟರಿಗೇ ಇಳಿಸ್ಕೊಳುತ್ತೆ, ನೆಟ್ ಇದ್ದಾಗ ತರುತ್ತೆ, ಇಲ್ಲದಾಗ ಓದ್ಕೋಬಹುದು. ಬ್ರೌಸರ್ ಕೈ ಕೊಟ್ಟ ದಿನಾನೂ ಇದು ಕಾಪಾಡುತ್ತೆ.

ಗಡಿಯಾರದ ವಿಷಯ

ನಾಲ್ಕನೇ ಜಾಗ ಕಂಪ್ಯೂಟರ್, ಅದರ ಗಡಿಯಾರಾನ ಕೊನೇವರೆಗೂ ಯಾರೂ ನೋಡಲ್ಲ. ನಮ್ಮೂರಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು ಇದ್ದಾರೆ, ನನಗೂ ಪಾಠ ಹೇಳಿದವರು. ಮಗಳು ಮಸ್ಕತ್‌ನಲ್ಲಿ, ಮೊಮ್ಮಗುವಿನ ಫೋಟೋ ಮೇಲಲ್ಲೇ ಬರುತ್ತೆ, ಮೇಷ್ಟ್ರಿಗೆ ಫೋನಿನ ಪುಟ್ಟ ಪರದೇಲಿ ನೋಡೋಕೆ ಕಣ್ಣು ಸಾಲಲ್ಲ. ಒಂದಿನ ಫೋನ್ ಮಾಡಿ "ಏನಪ್ಪಾ, ಒಂದು ವಾರದಿಂದ ಮೇಲು ಕೆಂಪು ಅಕ್ಷರದಲ್ಲಿ ಬೈತಾ ಇದೆ, ಯಾರೋ ನನ್ನ ಕದೀತಿದಾರೆ ಅಂತ ಬರೀತಿದೆ" ಅಂದ್ರು. ಹೋಗಿ ನೋಡಿದ್ರೆ ಹಳೇ ಡೆಸ್ಕ್‌ಟಾಪು, ಸ್ಕ್ರೀನ್ ಮೇಲೆ "ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್", ಕೆಳಗೆ ಸಣ್ಣಕ್ಷರದಲ್ಲಿ "ಸರ್ಟ್ ಡೇಟ್ ಇನ್‌ವ್ಯಾಲಿಡ್". ಬಲಗಡೆ ಮೂಲೇಲಿ ತಾರೀಖು ನೋಡಿದೆ, 2009ರ ಜನವರಿ 1.

"ಮೇಷ್ಟ್ರೇ, ನಿಮ್ಮ ಕಂಪ್ಯೂಟರ್‌ಗೆ ಇವತ್ತು 2009 ಅಂತೆ" ಅಂದೆ. ಅವರು ಕನ್ನಡಕ ಏರಿಸಿ ನೋಡಿ, "ಹಂಗಾದ್ರೆ ನಾನಿನ್ನೂ ಸರ್ವೀಸಲ್ಲಿದೀನಿ ಕಣೋ" ಅಂದ್ರು.

ಆಗೋದು ಇಷ್ಟೇ. ಪ್ರತಿ ಮೇಲ್ ಸೈಟಿಗೂ ಒಂದು ಸರ್ಟಿಫಿಕೇಟ್ ಇರುತ್ತೆ, ಇಂಥಾ ದಿನದಿಂದ ಇಂಥಾ ದಿನದವರೆಗೆ ಅಂತ ಅದರ ಮೇಲೆ ತಾರೀಖಿರುತ್ತೆ. 2009ರಲ್ಲಿ ಕೂತಿರೋ ಕಂಪ್ಯೂಟರ್‌ಗೆ ಅದು ಇನ್ನೂ ಹುಟ್ಟದೇ ಇರೋ ಕಾಗದ, ನಂಬಲ್ಲ, ಬಾಗಿಲು ತೆಗೆಯಲ್ಲ. ಮೊದಲು ತಾರೀಖು, ಟೈಮು, ಟೈಮ್ ಝೋನ್ ಮೂರೂ ಸರಿ ಮಾಡಿ, ನಮ್ಮದು ಪ್ಲಸ್ 5:30. ವಿಂಡೋಸ್ 10, 11ರಲ್ಲಿ ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್ ಒಳಗೆ ಸಿಂಕ್ ನೌ ಅಂತ ಬಟನ್ ಇದೆ. ಕರೆಂಟ್ ಹೋಗಿ ಬಂದಾಗೆಲ್ಲಾ ತಾರೀಖು ಹಿಂದಕ್ಕೆ ಓಡ್ತಿದ್ರೆ ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್ ಮುಗಿದಿದೆ ಅಂತ. ಡೆಸ್ಕ್‌ಟಾಪಲ್ಲಿ ಹೆಚ್ಚಾಗಿ ಸಿಆರ್ 2032, ಮೂರು ವೋಲ್ಟಿಂದು, 20 ಮಿಲಿಮೀಟರ್ ಅಗಲ 3.2 ಮಿಲಿಮೀಟರ್ ದಪ್ಪ, ಆ ನಂಬರಿನ ಅರ್ಥಾನೇ ಅದು. ವಾಚ್ ರಿಪೇರಿ ಅಂಗಡೀಲಿ ಸಿಗುತ್ತೆ. ಪ್ಲಗ್ ಪೂರ್ತಿ ಕಿತ್ತು, ಸೈಡ್ ಪ್ಯಾನೆಲ್ ಬಿಚ್ಚಿ, ಪಕ್ಕದ ಕ್ಲಿಪ್ ಒತ್ತಿದ್ರೆ ಸೆಲ್ ಮೇಲೆ ಏಳುತ್ತೆ, ಹೊಸದನ್ನ ಪ್ಲಸ್ ಗುರುತು ಮೇಲೆ ಬರೋ ಹಾಗೆ ಕೂರಿಸಿ. ಮೇಷ್ಟ್ರ ಕಂಪ್ಯೂಟರಿಗೆ ಹೊಸ ಸೆಲ್ ಹಾಕಿ ತಾರೀಖು ಸರಿ ಮಾಡಿ ರಿಫ್ರೆಶ್ ಒತ್ತಿದ್ದೇ ಇನ್‌ಬಾಕ್ಸ್ ಬಂತು, ಮಗು ತಟ್ಟೆ ತುಂಬಾ ಮೊಸರನ್ನ ಚೆಲ್ಲಿಕೊಂಡು ಕೂತಿರೋ ಫೋಟೋ ಮೊದಲನೇದು.

ತಾರೀಖು ಸರಿ ಇದ್ರೂ ಹಳೇ ಮಷೀನಲ್ಲಿ ಸರ್ಟಿಫಿಕೇಟ್ ಎರರ್ ಬರೋದುಂಟು. 2021ರ ಸೆಪ್ಟೆಂಬರ್ 30ಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಫ್ರೀಯಾಗಿ ಕೊಡೋ ಸರ್ಟಿಫಿಕೇಟ್‌ಗಳಿಗೆ ಬೆನ್ನಾಗಿದ್ದ ಒಂದು ಹಳೇ ಮೂಲ ಸರ್ಟಿಫಿಕೇಟಿನ ಅವಧಿ ಮುಗೀತು, ಅಪ್‌ಡೇಟ್ ಆಗದ ಎಷ್ಟೋ ಕಂಪ್ಯೂಟರು ಫೋನುಗಳಲ್ಲಿ ಅವತ್ತಿಂದ ತೊಂದರೆ ಶುರುವಾಯ್ತು. ವಿಂಡೋಸ್ 7, 8.1ಕ್ಕೆ ಕ್ರೋಮ್ 109ನೇ ವರ್ಷನ್ನೇ ಕೊನೇದು, 2023ರ ಶುರುವಿಗೇ ಅದರ ಕಥೆ ಮುಗೀತು. ಅಂಥ ಮಷೀನಿಗೆ ಫೈರ್‌ಫಾಕ್ಸ್ 115 ಇಎಸ್‌ಆರ್ ಅನ್ನೋ, ಹೆಚ್ಚು ಕಾಲ ಅಪ್‌ಡೇಟ್ ಕೊಡೋ ಬಗೆಯ ವರ್ಷನ್ ಹಾಕಿ ನೋಡಿ, ಅದು ತನ್ನ ಸರ್ಟಿಫಿಕೇಟ್ ಪಟ್ಟಿ ತಾನೇ ತರುತ್ತೆ, ವಿಂಡೋಸ್ ಮೇಲೆ ಆತುಕೊಂಡಿಲ್ಲ. ಆದ್ರೆ ಇದು ಊರುಗೋಲು ಅಷ್ಟೇ, ಬ್ಯಾಂಕಿಗೆ ಸೇರಿದ ಮೇಲ್ ಇರೋರು ವಿಂಡೋಸ್ 7ನಲ್ಲಿ ಇರಬೇಡಿ.

ಆಂಟಿವೈರಸ್ ಕೂಡ ಕೆಲವೊಮ್ಮೆ ನಡುವೆ ಕೂತು ಎಲ್ಲಾ ಸೈಟಿನ ಸರ್ಟಿಫಿಕೇಟ್ ಜಾಗದಲ್ಲಿ ತನ್ನದನ್ನ ತೋರಿಸುತ್ತೆ, ವೆಬ್ ಶೀಲ್ಡ್ ಅಥವಾ ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್ ಅಂತ ಇರೋದನ್ನ ಒಂದು ನಿಮಿಷ ಆಫ್ ಮಾಡಿ ಪರೀಕ್ಷೆ ಮಾಡಿ, ಮತ್ತೆ ಆನ್ ಮಾಡೋದು ಮರೀಬೇಡಿ. ಮತ್ತೆ, ಸೈಬರ್ ಸೆಂಟರಲ್ಲೋ ಲಾಡ್ಜಲ್ಲೋ ಸರ್ಟಿಫಿಕೇಟ್ ಎರರ್ ಬಂದ್ರೆ ಅಡ್ವಾನ್ಸ್ಡ್ ಒತ್ತಿ ಪ್ರೊಸೀಡ್ ಅಂತ ಮುಂದೆ ಹೋಗಬೇಡಿ, ಅಲ್ಲಿ ಪಾಸ್‌ವರ್ಡ್ ಹಾಕಲೇಬೇಡಿ.

ಪೇಜ್ ಬರುತ್ತೆ ಆದ್ರೆ ಹೊಸ ಮೇಲ್ ಬರ್ತಿಲ್ಲ ಅನ್ನೋರದ್ದು ಬೇರೆ ರೋಗ, ಜಿಮೇಲಲ್ಲಿ ಫ್ರೀ ಕೊಡೋ 15 ಜಿಬಿ ತುಂಬಿರುತ್ತೆ. ಮೇಲು, ಡ್ರೈವು, ಫೋಟೋಸು ಮೂರಕ್ಕೂ ಸೇರಿ ಅಷ್ಟೇ ಜಾಗ. ಫೋನಿನ ವೀಡಿಯೋಗಳೇ ಹೆಚ್ಚಾಗಿ ತಿಂದಿರುತ್ತೆ, ಅಲ್ಲಿ ಮೊದಲು ನೋಡಿ.

ಮಾಡಬಾರದ್ದು ಒಂದಿದೆ, ಇದನ್ನ ದಪ್ಪಕ್ಷರ ಅಂತ ಓದ್ಕೊಳ್ಳಿ. ಮೇಲ್ ಕಸ್ಟಮರ್ ಕೇರ್ ಅಂತ ಸರ್ಚ್ ಮಾಡಿ ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ. ಫ್ರೀ ಮೇಲ್ ಅಕೌಂಟಿಗೆ ಹಾಗೆ ಫೋನೆತ್ತಿ ರಿಪೇರಿ ಮಾಡಿಕೊಡೋರು ಯಾರೂ ಕೂತಿರಲ್ಲ. ಆ ಕಡೆಯವನು ತುಂಬಾ ಮರ್ಯಾದೆಯಿಂದ ಮಾತಾಡ್ತಾನೆ, ಸ್ಕ್ರೀನ್ ಶೇರ್ ಆಪ್ ಹಾಕ್ಕೊಳ್ಳಿ ಅಂತಾನೆ, ಓಟಿಪಿ ಹೇಳಿ ಅಂತಾನೆ, ಆಮೇಲೆ ಮೇಲ್ ಜೊತೆ ಬ್ಯಾಂಕೂ ಹೋಗುತ್ತೆ. ಈಗಾಗಲೇ ಹೇಳಿಬಿಟ್ಟಿದ್ರೆ, ದುಡ್ಡು ಹೋಗಿದ್ರೆ, ನಾಚಿಕೆ ಪಡದೆ ಆ ಕ್ಷಣಾನೇ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಆದಷ್ಟೂ ದುಡ್ಡು ತಡೆ ಹಿಡಿಯೋದು ಕಷ್ಟ.

ಎಲ್ಲಾ ಮಾಡಿ ಆಗ್ಲಿಲ್ಲ, ಕಾಲೇಜಿನದೋ ಆಫೀಸಿನದೋ ಮೇಲ್ ಆಗಿದ್ರೆ ಅಡ್ಮಿನ್‌ಗೆ ಬರೀರಿ. "ಮೇಲ್ ವರ್ಕ್ ಆಗ್ತಿಲ್ಲ ಸರ್" ಅಂತ ಒಂದು ಸಾಲು ಕಳಿಸಿದ್ರೆ ಅವರಿಗೂ ಏನೂ ಗೊತ್ತಾಗಲ್ಲ, ಎರಡು ದಿನ ಪ್ರಶ್ನೆ ಉತ್ತರದಲ್ಲೇ ಹೋಗುತ್ತೆ. ಹೀಗೆ ಬರೀರಿ: "ಸರ್, ಇವತ್ತು ಬೆಳಿಗ್ಗೆ 10:20ರಿಂದ ವೆಬ್‌ಮೇಲ್ ಲಾಗಿನ್ ಆದ್ಮೇಲೆ ವಾಪಸ್ ಲಾಗಿನ್ ಪೇಜಿಗೇ ಬರ್ತಿದೆ. ವಿಂಡೋಸ್ 11, ಕ್ರೋಮ್, ಇನ್‌ಕಾಗ್ನಿಟೋದಲ್ಲೂ ಹಾಗೇ, ಫೈರ್‌ಫಾಕ್ಸಲ್ಲೂ ಹಾಗೇ. ಮನೆ ವೈಫೈ, ಮೊಬೈಲ್ ಹಾಟ್‌ಸ್ಪಾಟ್ ಎರಡರಲ್ಲೂ ನೋಡಿದೆ. ಬೇರೆ ಸೈಟ್ ಎಲ್ಲಾ ಬರ್ತಿದೆ. ಸ್ಕ್ರೀನಿನ ಫೋಟೋ ಜೊತೆಗಿಟ್ಟಿದೀನಿ." ಪಾಸ್‌ವರ್ಡ್ ಮಾತ್ರ ಯಾರು ಕೇಳಿದ್ರೂ ಬರೀಬೇಡಿ, ಅಡ್ಮಿನ್‌ಗೆ ಅದು ಬೇಕಾಗಿರಲ್ಲ. ಇದನ್ನ ಫೋನಿಂದ ನಿಮ್ಮ ಬೇರೆ ಮೇಲ್ ಐಡೀಲಿ ಕಳಿಸಿ, ಮತ್ತೆ ಅವರು ಉತ್ತರ ಯಾವ ಐಡಿಗೆ ಕಳಿಸಬೇಕು ಅಂತಾನೂ ಅದ್ರಲ್ಲೇ ಹೇಳಿ, ಇಲ್ಲಾಂದ್ರೆ ಉತ್ತರ ಹೋಗಿ ಆ ಓಪನ್ ಆಗದ ಇನ್‌ಬಾಕ್ಸಲ್ಲೇ ಕೂರುತ್ತೆ.